ಹೊಸ ಆಟೋಮ್ಯಾಟಿಕ್ ಕಾರಿನ ಗೇರ್ ಕೈಕೊಟ್ಟಾಗ ಏನು ಮಾಡಬೇಕು

ಕಾರು ತಗೊಂಡು ಹದಿನಾಲ್ಕು ತಿಂಗಳಾಗಿತ್ತು. ಓಡಿದ್ದು ಬರೀ 11,000 ಕಿಲೋಮೀಟರ್. ಒಂದು ಬೆಳಿಗ್ಗೆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಿಂದ ಮೇಲೆ ಹತ್ತುವಾಗ, ಇಳಿಜಾರಿನ ನಟ್ಟನಡುವೆ ಗೇರ್ ತಾನಾಗಿ ಬಿಟ್ಟುಹೋಯಿತು. ಲಿವರ್ 'ಡಿ'ಯಲ್ಲೇ (ಡ್ರೈವ್) ಇದೆ, ಮೀಟರ್‌ನಲ್ಲಿ ಮಾತ್ರ 'ಎನ್' (ನ್ಯೂಟ್ರಲ್) ಮಿನುಗುತ್ತಿದೆ. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಕಾರು ಹಿಂದಕ್ಕೆ ಜಾರುತ್ತದೆ. ನನ್ನ ಹಿಂದೆ ಮಗುವನ್ನು ಕೂರಿಸಿಕೊಂಡು ಶಾಲೆಗೆ ಹೊರಟಿದ್ದ ಒಂದು ಸ್ಕೂಟರ್ ಇತ್ತು. ಬ್ರೇಕ್ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು ನಿಂತಾಗ ನನ್ನ ಕೈ ನಡುಗುತ್ತಿತ್ತು.

ಸರ್ವಿಸ್ ಸೆಂಟರ್‌ನಲ್ಲಿ ಮೊದಲ ಸಲ ಸಿಕ್ಕ ಉತ್ತರ, "ಆಟೋಮ್ಯಾಟಿಕ್ ಅಂದ್ರೆ ಸ್ವಲ್ಪ ಹಂಗೇ ಸಾರ್." ಎರಡನೇ ಸಲ, "ಕ್ಲಚ್ ಹೋಗಿದೆ, ಅದು ವಾರಂಟಿಗೆ ಬರಲ್ಲ." ಮೂರನೇ ಸಲ ನಾನು ಒಂದು ನೋಟ್‌ಬುಕ್ ಹಿಡಿದುಕೊಂಡು ಹೋದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಂಥ ರಸ್ತೆಯಲ್ಲಿ ಆಯಿತು ಅಂತ ಬರೆದಿದ್ದೆ. ಅದನ್ನು ಓದಿದ ಒಬ್ಬ ಹಿರಿಯ ಟೆಕ್ನೀಷಿಯನ್ ಕೇಳಿದರು: "ಎಲ್ಲಾ ಸಲವೂ ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡಿದ ಎರಡು ನಿಮಿಷದೊಳಗೇ ಆಗಿದೆ, ಅಲ್ವಾ?" ಬಾನೆಟ್ ಎತ್ತಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಅನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಅದು ತಿರುಗಿತು. ಹತ್ತನೇ ನಂಬರ್ ಸ್ಪ್ಯಾನರ್ ತಗೊಂಡು ಬಿಗಿ ಮಾಡಿದರು, ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡಿದ್ದ ಹಳೇ ದೋಷದ ಕೋಡ್ ಅಳಿಸಿದರು. ಆ ತೊಂದರೆ ಮತ್ತೆ ಬಂದಿಲ್ಲ.

ಎಲ್ಲರ ತೊಂದರೆಯೂ ಇಷ್ಟು ಸುಲಭದ್ದಾಗಿರುವುದಿಲ್ಲ. ಆದರೆ ಗೇರ್‌ಬಾಕ್ಸ್ ಬಿಚ್ಚುವ ಮಾತು ಬರುವ ಮೊದಲು, ತೊಂದರೆ ಯಾವಾಗ, ಹೇಗೆ ಬರುತ್ತದೆ ಅನ್ನುವುದನ್ನು ನಾವೇ ಖಚಿತವಾಗಿ ಹಿಡಿದುಕೊಂಡಿರಬೇಕು. ಬರೀ "ಗೇರ್ ಪ್ರಾಬ್ಲಂ" ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಮೊದಲು: ನಿಮ್ಮದು ಯಾವ ಗೇರ್‌ಬಾಕ್ಸ್?

ಎರಡೇ ಪೆಡಲ್ ಇದ್ದರೆ ಅದನ್ನು ಆಟೋಮ್ಯಾಟಿಕ್ ಅನ್ನುತ್ತೇವೆ. ಒಳಗಿರುವ ಯಂತ್ರ ಮಾತ್ರ ನಾಲ್ಕು ತರ. ಒಂದಕ್ಕೆ ಸಹಜವಾದದ್ದು ಇನ್ನೊಂದಕ್ಕೆ ರೋಗ.

ಎಎಂಟಿ ಅಂದರೆ ಒಳಗೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್. ನಮ್ಮ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸವನ್ನು ಆಕ್ಚುಯೇಟರ್ ಅನ್ನುವ ಭಾಗ ಮಾಡುತ್ತದೆ. ನಮ್ಮ ದೇಶದ ಸಣ್ಣ ಕಾರುಗಳಿಗೆ ಇದು ಬಂದದ್ದು 2014ರಲ್ಲಿ, ಮಾರುತಿ ಸೆಲೆರಿಯೋ ಜೊತೆ. ಮಾರುತಿಯವರು ಇದನ್ನು ಎಜಿಎಸ್ ಅನ್ನುತ್ತಾರೆ. ಈ ತರದ ಹೆಚ್ಚಿನ ಕಾರುಗಳ ಲಿವರ್‌ನಲ್ಲಿ 'ಪಿ' (ಪಾರ್ಕ್) ಇರುವುದಿಲ್ಲ. ಗುರುತು ಹಿಡಿಯಲು ಅದೇ ಸುಲಭ ದಾರಿ.

ಸಿವಿಟಿಯಲ್ಲಿ ಹಲ್ಲುಚಕ್ರದ ಗೇರ್‌ಗಳ ಬದಲು ಎರಡು ಪುಲ್ಲಿ, ನಡುವೆ ಒಂದು ಉಕ್ಕಿನ ಬೆಲ್ಟ್. ಪುಲ್ಲಿ ಅಗಲ ಕಿರಿದಾಗುತ್ತಾ ಗೇರ್ ಅನುಪಾತ ಬದಲಾಗುತ್ತದೆ. ಹೋಂಡಾ ಸಿಟಿಯಲ್ಲಿ ಇರುವುದು ಇದೇ. ಹ್ಯುಂಡೈಯವರು ಐವಿಟಿ ಅನ್ನುವುದೂ ಈ ಜಾತಿಯದ್ದೇ.

ಟಾರ್ಕ್ ಕನ್ವರ್ಟರ್ ಹಳೇ ಕಾಲದಿಂದ ಬಂದದ್ದು. ಇಂಜಿನ್ ಅದರೊಳಗಿನ ಎಣ್ಣೆಯನ್ನು ತಿರುಗಿಸುತ್ತದೆ, ಆ ಎಣ್ಣೆ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ನಾಲ್ಕರಲ್ಲಿ ಬೆಂಗಳೂರಿನ ಟ್ರಾಫಿಕ್ ತಡೆದುಕೊಳ್ಳುವುದು ಇದೇ ಜಾಸ್ತಿ ಅಂತ ನನ್ನ ಅಭಿಪ್ರಾಯ.

ಡಿಸಿಟಿಯಲ್ಲಿ ಎರಡು ಕ್ಲಚ್. ಒಂದು 1, 3, 5ನೇ ಗೇರ್ ನೋಡಿಕೊಂಡರೆ ಇನ್ನೊಂದು 2, 4, 6 ನೋಡಿಕೊಳ್ಳುತ್ತದೆ. ಫೋಕ್ಸ್‌ವ್ಯಾಗನ್‌ನ ಡಿಎಸ್‌ಜಿ, ಟಾಟಾದ ಡಿಸಿಎ ಎಲ್ಲ ಇದೇ ಕುಟುಂಬ. ಇದರಲ್ಲೂ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್ ಒಂದು ತರ, ಒಣ ಕ್ಲಚ್ ಇನ್ನೊಂದು ತರ. ಒಣ ಕ್ಲಚ್ ನಿಧಾನದ ಟ್ರಾಫಿಕ್‌ನಲ್ಲಿ ಬೇಗ ಬಿಸಿಯಾಗುತ್ತದೆ.

ಕಾರಿನ ಜೊತೆ ಕೊಟ್ಟ ಓನರ್ಸ್ ಮ್ಯಾನುಯಲ್‌ನಲ್ಲಿ ನಿಮ್ಮದು ಯಾವುದು ಅಂತ ಇರುತ್ತದೆ. ಇವತ್ತೇ ನೋಡಿಕೊಳ್ಳಿ.

ಸಹಜ ಯಾವುದು, ತೊಂದರೆ ಯಾವುದು

ಎಎಂಟಿಯಲ್ಲಿ ಗೇರ್ ಬದಲಾಗುವಾಗ ತಲೆ ಸ್ವಲ್ಪ ಮುಂದಕ್ಕೆ ಬಾಗಿ ಬರುವುದು ಸಹಜ. ಆಗ ಕ್ಲಚ್ ಬಿಡುತ್ತಿರುತ್ತದೆ, ಅಷ್ಟೇ. ಸಿವಿಟಿಯಲ್ಲಿ ಜೋರಾಗಿ ಒತ್ತಿದಾಗ ಇಂಜಿನ್ ಮೊದಲು ಕೂಗಿ, ವೇಗ ಆಮೇಲೆ ನಿಧಾನಕ್ಕೆ ಏರುವುದು ಸಹಜ. ಚಳಿಯ ಬೆಳಿಗ್ಗೆ ಮೊದಲ ಒಂದೆರಡು ನಿಮಿಷ ಗೇರ್ ತಡವಾಗಿ ಬದಲಾಗುವುದೂ ತೊಂದರೆಯಲ್ಲ.

ಇವು ಸಹಜ ಅಲ್ಲ: 'ಡಿ' ಹಾಕಿ ಬ್ರೇಕ್ ಬಿಟ್ಟ ಮೇಲೆ ಎರಡು ಮೂರು ಸೆಕೆಂಡ್ ಏನೂ ಆಗದೆ, ಆಮೇಲೆ ಯಾರೋ ಹಿಂದಿನಿಂದ ಗುದ್ದಿದ ಹಾಗೆ ಹೊರಡುವುದು. ಓಡುತ್ತಿರುವಾಗ ಆರ್‌ಪಿಎಂ (ಇಂಜಿನ್ ತಿರುಗುವ ವೇಗ) ಮುಳ್ಳು ಏರಿ, ವೇಗ ಏರದೇ ಇರುವುದು (ಸಿವಿಟಿಯಲ್ಲಿ ಇದನ್ನು ಗುರುತಿಸುವುದು ಕಷ್ಟ, ಆದರೆ ದಿನಾ ಓಡಿಸುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ). ಒಂದೇ ವೇಗದಲ್ಲಿ ಸುಮ್ನೆ ಹೋಗುತ್ತಿರುವಾಗ, ರಸ್ತೆ ನುಣುಪಾಗಿದ್ದರೂ, ಸಾಲು ಸಣ್ಣ ಉಬ್ಬುಗಳ ಮೇಲೆ ಹೋದ ಹಾಗೆ ಕಾರು ನಡುಗುವುದು. ಟಾರ್ಕ್ ಕನ್ವರ್ಟರ್‌ನಲ್ಲಿ ಹೀಗಾದರೆ ಅದರ ಲಾಕಪ್ ಕ್ಲಚ್ (ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಜೋಡಿಸುವ ಕ್ಲಚ್) ಮೇಲೆ ಅಥವಾ ಗೇರ್‌ಬಾಕ್ಸ್ ಎಣ್ಣೆಯ ಮೇಲೆ ಅನುಮಾನ ಪಡಬೇಕು. ಸುಟ್ಟ ವಾಸನೆ. ಪಾರ್ಕಿಂಗ್ ಜಾಗದಲ್ಲಿ ಎಣ್ಣೆಯ ಕಲೆ. ಡಿಸಿಟಿಯಲ್ಲಿ ಒಂದು ಬಿಟ್ಟು ಒಂದು ಗೇರ್ ಮಾತ್ರ ಬೀಳುತ್ತಿದ್ದರೆ ಎರಡರಲ್ಲಿ ಒಂದು ಕ್ಲಚ್ಚಿನ ಕಡೆ ಏನೋ ಆಗಿದೆ ಅಂತ ಅರ್ಥ.

ರಸ್ತೆ ಮಧ್ಯದಲ್ಲಿ ಆದರೆ

ಮೊದಲು ಜೀವ. ಹಜಾರ್ಡ್ ಲೈಟ್ ಹಾಕಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಹ್ಯಾಂಡ್‌ಬ್ರೇಕ್ ಎಳೆಯಿರಿ. ಗೇರ್ ಬೀಳದಿದ್ದಾಗ ಆಕ್ಸಿಲರೇಟರ್ ಒತ್ತುತ್ತಾ ಕೂರಬೇಡಿ. ಗೇರ್ ಏಕಾಏಕಿ ಬಿದ್ದರೆ ಕಾರು ಮುಂದಕ್ಕೆ ಹಾರುತ್ತದೆ. ಆದಷ್ಟು ಎಡಕ್ಕೆ ಸರಿಯಿರಿ.

ನಿಂತ ಮೇಲೆ ಮೀಟರ್‌ನ ಫೋಟೊ ತೆಗೆಯಿರಿ. ಇಂಜಿನ್ ಆಫ್ ಮಾಡಿದರೆ ಆ ಎಚ್ಚರಿಕೆ ಮಾಯವಾಗಬಹುದು, ಹಾಗಾಗಿ ಫೋಟೊ ಮೊದಲು. ಹಲ್ಲುಚಕ್ರದ ಚಿತ್ರ, ಥರ್ಮಾಮೀಟರ್ ಚಿತ್ರ, ಇಂಜಿನ್ ಲೈಟ್, ಮಿನುಗುವ ಅಕ್ಷರ, ಏನು ಕಂಡರೂ ಸರಿ.

ಬಿಸಿಯ ಎಚ್ಚರಿಕೆ ಬಂದಿದ್ದರೆ ಲಿವರನ್ನು 'ಪಿ'ಗೆ ('ಪಿ' ಇಲ್ಲದ ಕಾರಾದರೆ 'ಎನ್'ಗೆ) ಹಾಕಿ, ಇಂಜಿನ್ ಆಫ್ ಮಾಡದೆ ಕಾಯಿರಿ. ಹೆಚ್ಚಿನ ಮ್ಯಾನುಯಲ್‌ಗಳು ಹೇಳುವುದು ಹೀಗೇ. ಇಂಜಿನ್ ಓಡುತ್ತಿದ್ದರೆ ಎಣ್ಣೆಯೂ ಫ್ಯಾನೂ ತಂಪು ಮಾಡುವ ಕೆಲಸ ಮುಂದುವರಿಸುತ್ತವೆ. ಎಚ್ಚರಿಕೆ ಹೋದ ಮೇಲೆ ಹೊರಡಿ. ಅವಸರ ಮಾಡಿದರೆ ಬರೀ ಬಿಸಿಯಾಗಿದ್ದ ಕ್ಲಚ್ ಸುಟ್ಟೇ ಹೋಗುತ್ತದೆ.

ಬಿಸಿಯ ಎಚ್ಚರಿಕೆ ಇಲ್ಲದಿದ್ದರೆ ಇಂಜಿನ್ ಆಫ್ ಮಾಡಿ, ಬಾಗಿಲು ತೆರೆದು ಮುಚ್ಚಿ, ಎರಡು ಮೂರು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಗೇರ್‌ಬಾಕ್ಸಿನ ಕಂಪ್ಯೂಟರ್ ಒಮ್ಮೆ ಮಲಗಿ ಎದ್ದರೆ ಎಷ್ಟೋ ಸಲ ಮನೆ ಮುಟ್ಟುವಷ್ಟು ಸರಿಯಾಗುತ್ತದೆ. ಸರಿಯಾಯಿತು ಅಂತ ಮರೆತುಬಿಡಬೇಡಿ. ತೊಂದರೆ ಅಲ್ಲೇ ಇರುತ್ತದೆ.

'ಪಿ'ಯಿಂದ ಲಿವರ್ ಅಲ್ಲಾಡುತ್ತಲೇ ಇಲ್ಲವೇ? ಗೇರ್‌ಬಾಕ್ಸ್ ಹೋಯಿತು ಅಂತ ಹೆದರಬೇಡಿ. ಬ್ರೇಕ್ ಒತ್ತಿ, ಹಿಂದಿನ ಬ್ರೇಕ್ ಲೈಟ್ ಉರಿಯುತ್ತದೆಯೇ ಅಂತ ಯಾರನ್ನಾದರೂ ನೋಡಲು ಹೇಳಿ. ಉರಿಯದಿದ್ದರೆ ಬ್ರೇಕ್ ಪೆಡಲ್ ಹತ್ತಿರದ ಸ್ವಿಚ್ ಅಥವಾ ಫ್ಯೂಸ್ ಹೋಗಿರಬಹುದು. ಬ್ರೇಕ್ ಒತ್ತಿದ್ದು ಕಾರಿಗೆ ಗೊತ್ತಾಗದಿದ್ದರೆ ಅದು 'ಪಿ'ಯಿಂದ ಬಿಡುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಲಿವರ್ ಪಕ್ಕ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದರೊಳಗಿನ ಗುಂಡಿಯನ್ನು ಕೀಲಿಯ ತುದಿಯಲ್ಲಿ ಒತ್ತಿ ಹಿಡಿದರೆ ಲಿವರ್ ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದೇ ಇದನ್ನು ಮಾಡಬೇಕು. ಇಳಿಜಾರಿನಲ್ಲಿ ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯದೆ ನೇರ 'ಪಿ' ಹಾಕಿದ್ದರೂ ಲಿವರ್ ಬಿಗಿಯಾಗುತ್ತದೆ. ಕಾರಿನ ಇಡೀ ಭಾರ ಒಳಗಿನ ಒಂದು ಸಣ್ಣ ಕೊಂಡಿಯ ಮೇಲೆ ಕೂತಿರುತ್ತದೆ. ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ 'ಪಿ' ಅನ್ನುವ ಅಭ್ಯಾಸ ಮಾಡಿಕೊಳ್ಳಿ.

ಕಾರು ಒಂದೇ ಗೇರ್‌ಗೆ ಕಚ್ಚಿಕೊಂಡು, ವೇಗ ಏರದೆ ತೆವಳುತ್ತಿದ್ದರೆ ಅದಕ್ಕೆ ಲಿಂಪ್ ಮೋಡ್ ಅನ್ನುತ್ತಾರೆ. ಜಾಸ್ತಿ ಹಾಳಾಗದಿರಲಿ ಅಂತ ಕಂಪ್ಯೂಟರೇ ಹಾಗೆ ಮಾಡಿರುತ್ತದೆ. ಹತ್ತಿರದ ಸುರಕ್ಷಿತ ಜಾಗದವರೆಗೆ ಹೋಗಿ ನಿಲ್ಲಿಸಿ. ಊರು ಸೇರಿಕೊಳ್ಳೋಣ ಅಂತ ಐವತ್ತು ಕಿಲೋಮೀಟರ್ ಎಳೆಯಬೇಡಿ.

ಟೋಯಿಂಗ್ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಹಗ್ಗ ಕಟ್ಟಿ ಎಳೆಸಬೇಡಿ. ಟಾರ್ಕ್ ಕನ್ವರ್ಟರ್, ಸಿವಿಟಿಗಳಲ್ಲಿ ಎಣ್ಣೆ ಪಂಪ್ ತಿರುಗುವುದು ಇಂಜಿನ್‌ನಿಂದ. ಇಂಜಿನ್ ಆಫ್ ಆಗಿ ಚಕ್ರ ಮಾತ್ರ ತಿರುಗಿದರೆ ಒಳಗಿನ ಭಾಗಗಳು ಎಣ್ಣೆಯಿಲ್ಲದೆ ಉಜ್ಜಿ ಹಾಳಾಗುತ್ತವೆ. ಸಣ್ಣ ತೊಂದರೆ ದೊಡ್ಡ ಬಿಲ್ ಆಗುವುದು ಎಷ್ಟೋ ಸಲ ಇಲ್ಲೇ. ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಫೋನ್ ಮಾಡಿದಾಗ "ಆಟೋಮ್ಯಾಟಿಕ್ ಕಾರು, ಫ್ಲಾಟ್‌ಬೆಡ್ ಗಾಡಿಯೇ ಬೇಕು" (ಕಾರನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಗಾಡಿ) ಅಂತ ಮೊದಲ ವಾಕ್ಯದಲ್ಲೇ ಹೇಳಿ.

ಬರೆದಿಡಿ

ಈ ಕೆಲಸವನ್ನೇ ನಾವು ಬಿಡುವುದು, ಕೊನೆಗೆ ಉಪಯೋಗಕ್ಕೆ ಬರುವುದೂ ಇದೇ. ನನ್ನ ನೋಟ್‌ಬುಕ್ಕಿನ ಒಂದು ಸಾಲು ಹೀಗಿತ್ತು: "ಮಂಗಳವಾರ, ಬೆಳಿಗ್ಗೆ 8:20. ರಾತ್ರಿಯಿಡೀ ನಿಂತಿದ್ದ ಕಾರು. ಎಸಿ ಆನ್. ರ್‍ಯಾಂಪ್ ಅರ್ಧ ಹತ್ತಿದಾಗ 'ಡಿ' ಹೋಗಿ 'ಎನ್' ಮಿನುಗಿತು. ಆಫ್ ಮಾಡಿ ಆನ್ ಮಾಡಿದೆ, ಸರಿಹೋಯಿತು. ಓಡೋಮೀಟರ್ 11,240."

ಇಷ್ಟು ಸಾಕು. ಇಂಜಿನ್ ತಣ್ಣಗಿತ್ತೇ, ಬಿಸಿಯಿತ್ತೇ? ಸಮತಟ್ಟೇ, ಏರೇ? ವೇಗ ಎಷ್ಟು, ಯಾವ ಗೇರ್? ಏನು ಮಾಡಿದರೆ ಸರಿಹೋಯಿತು? ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಅವರ ಕೈಯಲ್ಲಿ ಮೀಟರ್‌ನ ವಿಡಿಯೊ ಮಾಡಿಸಿ. ಆರ್‌ಪಿಎಂ ಮುಳ್ಳೂ ವೇಗವೂ ಒಂದೇ ಚೌಕಟ್ಟಿನಲ್ಲಿ ಕಾಣಲಿ. ಓಡಿಸುತ್ತಾ ನೀವೇ ವಿಡಿಯೊ ಮಾಡಬೇಡಿ.

ಸರ್ವಿಸ್‌ಗೆ ಕೊಡುವ ಮೊದಲು ಮನೆಯಲ್ಲೇ ನೋಡಬಹುದಾದದ್ದು ಕಮ್ಮಿ, ಆದರೆ ಬ್ಯಾಟರಿಯನ್ನು ಖಂಡಿತ ನೋಡಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.4 ವೋಲ್ಟ್‌ಗಿಂತ ಮೇಲಿದ್ದರೆ ಚೆನ್ನ, 12ಕ್ಕಿಂತ ಕೆಳಗಿದ್ದರೆ ಅದರ ಮೇಲೇ ಅನುಮಾನ ಪಡಿ. ಎಎಂಟಿಯ ಆಕ್ಚುಯೇಟರ್ ನಡೆಯುವುದೇ ಕರೆಂಟಿನಿಂದ. ಹೊರಗಡೆ ಹಾಕಿಸಿದ ಡ್ಯಾಶ್‌ಕ್ಯಾಮ್, ಹಾರ್ನ್, ಲೈಟ್‌ಗಳಿಗೆ ವೈರ್ ಕತ್ತರಿಸಿ ಜೋಡಿಸಿದ್ದಾರೆಯೇ ನೋಡಿ. ವಾರಂಟಿ ತಿರಸ್ಕರಿಸಲು ಕಂಪನಿಯವರು ಮೊದಲು ಬೆರಳು ತೋರಿಸುವುದು ಅಲ್ಲಿಗೇ. ಗೇರ್‌ಬಾಕ್ಸ್ ಎಣ್ಣೆಯನ್ನು ಮಾತ್ರ ನೀವಾಗಿ ಮುಟ್ಟಬೇಡಿ. ಸಿವಿಟಿಯ ಎಣ್ಣೆ ಬೇರೆ, ಟಾರ್ಕ್ ಕನ್ವರ್ಟರ್‌ನದು ಬೇರೆ. ಹೊರಗಿನ ಗ್ಯಾರೇಜ್‌ನಲ್ಲಿ "ಎಲ್ಲಾ ಒಂದೇ" ಅಂತ ತಪ್ಪು ಎಣ್ಣೆ ಹಾಕಿಸಿದರೆ ಗೇರ್‌ಬಾಕ್ಸೂ ಹೋಗಬಹುದು, ವಾರಂಟಿಯೂ ಹೋಗಬಹುದು.

ಸರ್ವಿಸ್ ಸೆಂಟರ್‌ನಲ್ಲಿ

ಜಾಬ್ ಕಾರ್ಡ್‌ನಲ್ಲಿ (ಕಾರು ಒಪ್ಪಿಸುವಾಗ ತೊಂದರೆ ಬರೆದುಕೊಳ್ಳುವ ಕಾಗದ) ನಿಮ್ಮ ಮಾತೇ ಬರಬೇಕು. "ಜನರಲ್ ಚೆಕಪ್" ಅಂತ ಬರೆದರೆ ಸಹಿ ಮಾಡಬೇಡಿ. "ಏರಿನಲ್ಲಿ ಗೇರ್ ಬಿಟ್ಟುಹೋಗುತ್ತದೆ, ಮೂರು ವಾರದಲ್ಲಿ ನಾಲ್ಕು ಸಲ ಆಗಿದೆ" ಅಂತ ಬರೆಸಿ. ಒಂದು ಪ್ರತಿ ತಗೊಳ್ಳಿ, ಇಲ್ಲದಿದ್ದರೆ ಫೋಟೊ ತೆಗೆಯಿರಿ. ತೊಂದರೆ ಶುರುವಾದದ್ದು ವಾರಂಟಿ ಒಳಗೇ ಅನ್ನುವುದಕ್ಕೆ ಮುಂದೆ ಇದೇ ಸಾಕ್ಷಿ.

ಎರಡನೆಯದು, ಸ್ಕ್ಯಾನ್. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದುತ್ತಾರೆ. ಅಳಿಸುವ ಮೊದಲು ಪರದೆಯ ಫೋಟೊ ಕೇಳಿ ತೆಗೆದುಕೊಳ್ಳಿ. ಪಿ0700 ಅಂತ ಬಂದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ಏನೋ ತೊಂದರೆ ಕಂಡಿದೆ ಅಂತ ಅಷ್ಟೇ. ಅದರ ಜೊತೆಗಿರುವ ಇನ್ನೊಂದು ಕೋಡ್‌ನಲ್ಲಿ ನಿಜವಾದ ಸುಳಿವು ಇರುತ್ತದೆ. ಕೋಡ್ ಬಿದ್ದ ಕ್ಷಣದ ವೇಗ, ಬಿಸಿ, ಆರ್‌ಪಿಎಂ ಕೂಡ ದಾಖಲಾಗಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ನಿಮ್ಮ ನೋಟ್‌ಬುಕ್ ಜೊತೆ ಅದನ್ನು ಹೋಲಿಸಿ ನೋಡಲು ಹೇಳಿ.

ಮೂರನೆಯದು, ಜೊತೆಗೆ ಟೆಸ್ಟ್ ಡ್ರೈವ್. ಸರ್ವಿಸ್ ಅಡ್ವೈಸರ್ ಒಬ್ಬರೇ ಹೋಗಿ ಒಂದು ಸುತ್ತು ಹಾಕಿ ಬಂದು "ಏನೂ ಇಲ್ಲ ಸಾರ್" ಅಂದರೆ ಪ್ರಯೋಜನವಿಲ್ಲ. ನೀವು ಓಡಿಸಿ, ಟೆಕ್ನೀಷಿಯನ್ ಪಕ್ಕ ಕೂರಲಿ. ಬೆಳಿಗ್ಗೆ ತಣ್ಣಗಿರುವಾಗ ಬರುವ ತೊಂದರೆಯಾದರೆ ಹಿಂದಿನ ರಾತ್ರಿಯೇ ಕಾರು ಬಿಟ್ಟು ಬನ್ನಿ. ಟ್ರಾಫಿಕ್‌ನಲ್ಲಿ ಬಿಸಿಯಾದ ಮೇಲೆ ಬರುವುದಾದರೆ, ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಕಡೆ ಕರೆದುಕೊಂಡು ಹೋಗಿ ತೋರಿಸಿ. "ಎಲ್ಲಾ ಕಾರೂ ಹಿಂಗೇ" ಅಂದರೆ ಅದೇ ಮಾಡೆಲ್‌ನ ಇನ್ನೊಂದು ಕಾರನ್ನು ಓಡಿಸಲು ಕೇಳಿ. ಎರಡೂ ಒಂದೇ ತರ ಇದ್ದರೆ ಮನಸ್ಸಿಗೂ ಸಮಾಧಾನ. ಬೇರೆಯಾಗಿದ್ದರೆ ಅವರಿಗೂ ಹೇಳಲು ಮಾತಿರುವುದಿಲ್ಲ.

ಗೇರ್‌ಬಾಕ್ಸ್ ಕಂಪ್ಯೂಟರ್‌ಗೆ ಹೊಸ ಸಾಫ್ಟ್‌ವೇರ್ ಬಂದಿದೆಯೇ, ಕ್ಲಚ್ ಅಡಾಪ್ಟೇಶನ್ ಮಾಡಿದ್ದಾರೆಯೇ ಅಂತಲೂ ಕೇಳಿ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ಕಂಪ್ಯೂಟರ್‌ಗೆ ಹೊಸದಾಗಿ ಕಲಿಸುವ ಕೆಲಸ ಅದು. ಎಷ್ಟೋ ಜರ್ಕ್‌ಗಳು ಇದರಲ್ಲೇ ಹೋಗುತ್ತವೆ, ಯಾವ ಭಾಗವನ್ನೂ ಬದಲಿಸಬೇಕಾಗಿಲ್ಲ.

ಕ್ಲಚ್ ಸವೆಯುವ ಭಾಗ, ಹಾಗಾಗಿ ಸಾಮಾನ್ಯವಾಗಿ ವಾರಂಟಿಗೆ ಬರುವುದಿಲ್ಲ. ಇದು ನಿಜವೇ. ಆದರೆ ಆಕ್ಚುಯೇಟರ್ ಅಥವಾ ಸೆನ್ಸರ್ ಕೆಟ್ಟು ಅದರಿಂದ ಕ್ಲಚ್ ಸುಟ್ಟಿದ್ದರೆ ಮಾತು ಬೇರೆ. ಕಾರಣ ಏನು ಅಂತ ಬರೆದುಕೊಡಲು ಕೇಳಿ. ವಾರಂಟಿ ಆಗಲ್ಲ ಅಂದರೆ ಅದನ್ನೂ ಇಮೇಲ್‌ನಲ್ಲಿ ಹೇಳಲಿ. ಬಾಯಿಮಾತಿಗೆ ಬೆಲೆಯಿಲ್ಲ. ದುಡ್ಡು ಕೊಟ್ಟು ಬದಲಿಸಿದರೆ ಹಳೇ ಕ್ಲಚ್ ಪ್ಲೇಟ್ ಕೇಳಿ ನೋಡಿ. ಸುಟ್ಟು ನೀಲಿಯಾಗಿದೆಯೋ, ಮಾಮೂಲಿಯಾಗಿ ಸವೆದಿದೆಯೋ ಅಂತ ಕಣ್ಣಿಗೇ ಕಾಣುತ್ತದೆ.

ಕೇಳಿಸಿಕೊಳ್ಳದಿದ್ದರೆ

ಶೋರೂಮ್‌ನಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಮಾಡಿ. 17 ಅಕ್ಷರಗಳ ಚಾಸಿಸ್ ನಂಬರ್, ಎಲ್ಲ ಜಾಬ್ ಕಾರ್ಡ್, ಫೋಟೊ, ವಿಡಿಯೊ ಸೇರಿಸಿ. ಕಂಪನಿಯ ಏರಿಯಾ ಎಂಜಿನಿಯರ್ ಬಂದು ನೋಡಬೇಕು ಅಂತ ಕೇಳಿ. ಅದೇ ನಂಬರ್ ಹಾಕಿ ಕಂಪನಿಯ ವೆಬ್‌ಸೈಟ್‌ನಲ್ಲಿ ರೀಕಾಲ್ ಇದೆಯೇ ನೋಡಿ. ಸುರಕ್ಷತೆಗೆ ಸಂಬಂಧಿಸಿದ ದೋಷದ ವಾಹನಗಳನ್ನು ವಾಪಸ್ ಕರೆಸಿ ಸರಿಪಡಿಸಬೇಕು ಅನ್ನುವ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಏಳು ವರ್ಷದೊಳಗಿನ ವಾಹನಗಳಿಗೆ ಅದು ಅನ್ವಯ.

ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಾದ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಾರನ್ನು ಬೇರೆ ಊರಲ್ಲಿ ತಗೊಂಡಿದ್ದರೂ ಸರಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗೆ ಇದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ. ದೂರು ಕೊಡಲು ಎರಡು ವರ್ಷದ ಗಡುವು ಇದೆ. ಕಾರಿನಲ್ಲಿ ತಯಾರಿಕಾ ದೋಷ ಇದೆ ಅಂತ ತೋರಿಸಬೇಕಾದವರು ನಾವು, ಆದ್ದರಿಂದ ತಜ್ಞರ ವರದಿ ಇಲ್ಲದೆ ಕೇಸು ನಿಲ್ಲುವುದು ಕಷ್ಟ. ಆ ತಜ್ಞರಿಗೂ ಮೊದಲು ಬೇಕಾಗುವುದು ನಿಮ್ಮ ಜಾಬ್ ಕಾರ್ಡ್‌ಗಳೇ.

ಸರಿಯಾದ ಮೇಲೆ ಓಡಿಸುವುದು

ಏರಿನಲ್ಲಿ ಕಾರನ್ನು ಆಕ್ಸಿಲರೇಟರ್‌ನಲ್ಲಿ ಹಿಡಿದು ನಿಲ್ಲಿಸುವ ಅಭ್ಯಾಸ ಎಎಂಟಿ, ಡಿಸಿಟಿಗಳಿಗೆ ವಿಷ. ನಿಲ್ಲಿಸಲು ಬ್ರೇಕ್ ಇದೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಇಂಚು ಇಂಚು ತೆವಳಬೇಡಿ. ನಾಲ್ಕು ಕಾರಿನಷ್ಟು ಜಾಗ ಬಿಟ್ಟು ನಿಲ್ಲಿ, ಆಮೇಲೆ ಒಂದೇ ಸಲ ಹೊರಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಆಗುಂಬೆಯ 14 ತಿರುವುಗಳನ್ನು ಹತ್ತುವಾಗ ಮ್ಯಾನುಯಲ್ ಮೋಡ್‌ನಲ್ಲಿ ಒಂದು ಅಥವಾ ಎರಡನೇ ಗೇರ್ ಹಿಡಿದುಕೊಳ್ಳಿ. ಇಳಿಯುವಾಗಲೂ ಹಾಗೇ, ಬ್ರೇಕ್‌ಗೂ ವಿಶ್ರಾಂತಿ. 'ಎನ್' ಹಾಕಿ ಇಳಿಯುವುದಂತೂ ಬೇಡವೇ ಬೇಡ.

ಮಳೆನೀರು ನಿಂತ ರಸ್ತೆಯಲ್ಲಿ ಕಾರು ಕೆಟ್ಟು ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಮುಳುಗಿ ನಿಂತ ಕಾರುಗಳನ್ನು ನೋಡಿದ್ದೇವೆ. ಗೇರ್‌ಬಾಕ್ಸಿನ ಗಾಳಿ ಕೊಳವೆಯ ಮೂಲಕ ನೀರು ಒಳಗೆ ಹೋದರೆ ಎಣ್ಣೆ ಹಾಲು ಬೆರೆಸಿದ ಹಾಗೆ ಬೆಳ್ಳಗಾಗುತ್ತದೆ. ಓಡಿಸುವ ಮೊದಲೇ ಎಣ್ಣೆ ನೋಡಿಸಿ.

ಇನ್ನೊಂದು ವಿಷಯ. ನಿಮ್ಮ ವಾರಂಟಿ ಮುಗಿಯುವ ತಾರೀಕನ್ನು ಫೋನ್‌ನಲ್ಲಿ ಹಾಕಿ, ಎರಡು ತಿಂಗಳು ಮೊದಲೇ ಅಲಾರಂ ಇಡಿ. ಆ ಅಲಾರಂ ಬಡಿದ ವಾರವೇ ಕಾರನ್ನು ಒಯ್ದು ಗೇರ್‌ಬಾಕ್ಸ್ ಸ್ಕ್ಯಾನ್ ಮಾಡಿಸಿ, ಚಿಕ್ಕ ಅನುಮಾನವಿದ್ದರೂ ಜಾಬ್ ಕಾರ್ಡ್‌ನಲ್ಲಿ ಬರೆಸಿ. ವಾರಂಟಿ ವಿಸ್ತರಿಸುವುದಿದ್ದರೆ ಅದನ್ನೂ ಆಗಲೇ ಮುಗಿಸಿ. ಹೆಚ್ಚಿನ ಕಂಪನಿಗಳು ಮೂಲ ವಾರಂಟಿ ಮುಗಿದ ಮೇಲೆ ಅದನ್ನು ಕೊಡುವುದಿಲ್ಲ.